ತಿಮ್ಮಪ್ಪಣ್ಣ ಹಾಕಿಕೊಟ್ಟ ಹಳಿ

ತಿಮ್ಮಪ್ಪಣ್ಣ ಯಾವುದನ್ನಾದರೂ ಸರಿಯಾಗಿ ನೋಡಬೇಕೆಂದರೆ ಮೊದಲು ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸುತ್ತಿದ್ದರು. ಆಮೇಲೆ ಮಂಡಿಯೂರಿ ಬಗ್ಗಿ, ಎಡಗೆನ್ನೆಯನ್ನು ಆ ಟವೆಲಿಗೆ ಒತ್ತಿ, ಬಲಗಣ್ಣು ಮುಚ್ಚಿ, ಎಡಗಣ್ಣೊಂದರಿಂದಲೇ ಉದ್ದಕ್ಕೆ ದೃಷ್ಟಿ ಹಾಯಿಸುತ್ತಿದ್ದರು. ಹೋಟೆಲಿನ ಬೆಂಚು, ನನ್ನ ಅಂಗಡಿಯ ಹೊಸ್ತಿಲು, ಮಗಳು ಹೊಸದಾಗಿ ಕಟ್ಟಿಸಿದ ಜಗಲಿ, ಎಲ್ಲಕ್ಕೂ ಇದೇ ಪರೀಕ್ಷೆ. ಒಮ್ಮೆ ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಕಾಂಕ್ರೀಟು ಹಾಕುತ್ತಿದ್ದಾಗ ರಸ್ತೆ ಬದಿಯಲ್ಲೇ ಕೆನ್ನೆಯೂರಿ ಮಲಗಿಬಿಟ್ಟರು. ಯಾರೋ ತಲೆಸುತ್ತಿ ಬಿದ್ದರೆಂದು ಕೆಲಸದವರು ಓಡಿಬಂದು ನೀರು ಕೊಟ್ಟರು. ಇವರು ಎದ್ದು ಕೂತು, "ಆ ಮೂರನೇ ಹಲಗೆ ಹತ್ರ ಒಂದು ನೂಲಿನಷ್ಟು ತಗ್ಗಿದೆ. ನೀರು ನಿಲ್ತದೆ" ಎಂದು ಹೇಳಿ, ಕೊಟ್ಟ ನೀರನ್ನು ಕುಡಿದು ಬಂದರು. ಆ ಮಳೆಗಾಲವಿಡೀ ಬೆಳಿಗ್ಗೆ ಅಂಗಡಿ ತೆಗೆಯಲು ಹೋಗುವಾಗ ನಾನು ಅದೇ ಜಾಗದಲ್ಲಿ ನಿಂತ ನೀರನ್ನು ಹಾರಿಕೊಂಡು ಹೋಗಬೇಕಾಯಿತು.

ಅವರು ಹುಟ್ಟಿದ್ದು ಬಾಳೆಹೊನ್ನೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿಗೆ ಸೋದರಮಾವನ ಬೆನ್ನು ಹತ್ತಿ ಘಟ್ಟದ ಆಚೆ ಬೀರೂರಿನ ಬಯಲಿಗೆ ಹೋಗಿ ರೈಲ್ವೆಯಲ್ಲಿ ಹಳಿ ದುರಸ್ತಿ ಮಾಡುವ ಗ್ಯಾಂಗ್‌ಮನ್ ಆದರು. ಮುಂದೆ ಕೀಮ್ಯಾನ್ ಆದರು. ಕೀಮ್ಯಾನ್ ಎಂದರೆ ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರು ಹೆಗಲಿಗೇರಿಸಿ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲವಾದ ಬೋಲ್ಟು ಬಿಗಿ ಮಾಡಿ, ಹಳಿಯನ್ನು ಹಿಡಿದಿಡುವ ಕೀಲಿ ಎಂಬ ಬೆಣೆ ಎದ್ದಿದ್ದರೆ ಬಡಿದು ಬರುವವನು. ಮೂವತ್ತು ವರ್ಷಕ್ಕೂ ಮೇಲೆ ಹಾಗೆ ನಡೆದು ನಿವೃತ್ತರಾದ ಮೇಲೆ ನರಸಿಂಹರಾಜಪುರದಲ್ಲಿ ಅಂಗನವಾಡಿ ಟೀಚರಾಗಿದ್ದ ಮಗಳು ಲಲಿತಾಳ ಮನೆಗೆ ಬಂದರು. ರೈಲು ನೋಡಬೇಕೆಂದರೆ ಎರಡು ಗಂಟೆ ಬಸ್ಸಿನಲ್ಲಿ ಕೂರಬೇಕಾದ ಊರು ಅದು. "ಬಂದ ಹೊಸದ್ರಲ್ಲಿ ಬೆಳಿಗ್ಗೆ ಎದ್ದು ಎಲ್ಲಿಗೆ ನಡೀಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ನಾನು ಕೊಪ್ಪದಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟವನು. ಎರಡು ಸಾವಿರದ ಇಸವಿ ದಾಟಿದ ಮೇಲೆ ರೇಡಿಯೋ ತರುವವರು ಕಡಿಮೆಯಾಗಿ, ಮಧ್ಯಾಹ್ನವೆಲ್ಲ ಕೈ ಖಾಲಿ ಇರುತ್ತಿತ್ತು. ಅದೇ ಹೊತ್ತಿಗೆ ಮುಂಬೈಯಲ್ಲಿದ್ದ ನನ್ನ ಭಾವ ಊರಿಗೆ ಬಂದಾಗ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಅಂಗೈಯಲ್ಲಿ ಹಿಡಿಸುವಂಥ ಒಂದು ಆಟದ ರೈಲಿನ ಇಂಜಿನ್ನು, ಮೂರು ಬೋಗಿ, ಉಕ್ಕಿನ ಹಳಿಯ ಹನ್ನೆರಡು ತುಂಡು. ಜೋಡಿಸಿದರೆ ಒಂದು ಉಂಗುರವಾಗುತ್ತಿತ್ತು. ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್. ಹಳಿಗೆ ಕರೆಂಟು ಕೊಟ್ಟರೆ ಇಂಜಿನ್ನು ಓಡುತ್ತಿತ್ತು. ನನಗೆ ಆಗ ಮೂವತ್ತೆಂಟು ವಯಸ್ಸು. ಅಂಗಡಿ ಮೇಲಿನ ಕೋಣೆಯಲ್ಲಿ ಗೋಡೆಯ ಸುತ್ತ ಹಲಗೆ ಹಾಕಿ, ಇಡೀ ಕೋಣೆ ಸುತ್ತುವ ಒಂದು ರೈಲುದಾರಿ ಮಾಡಬೇಕೆಂಬ ಹುಚ್ಚು ಅಂದೇ ಹತ್ತಿತು. ಬೆಂಗಳೂರಿನಿಂದ ಇನ್ನಷ್ಟು ಹಳಿ ತರಿಸಿದೆ. ಉಕ್ಕಿನವು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದವು. ಹಿತ್ತಾಳೆಯವು ವಾರಕ್ಕೊಮ್ಮೆ ಕಪ್ಪಾಗುತ್ತಿದ್ದವು. ತಿಕ್ಕಿ ತಿಕ್ಕಿ ಸಾಕಾಗಿ ಓಡಿಸಿದರೆ ಇಂಜಿನ್ನು ಎರಡು ಸುತ್ತಿಗೊಮ್ಮೆ ಮಗುಚಿಕೊಳ್ಳುತ್ತಿತ್ತು.

ತಿಮ್ಮಪ್ಪಣ್ಣ ರೇಡಿಯೋ ರಿಪೇರಿಗೆಂದು ಬಂದಿದ್ದು ಇಂಥ ಒಂದು ಮಧ್ಯಾಹ್ನ. ಕೆಳಗೆ ಯಾರೂ ಇಲ್ಲದ್ದು ಕಂಡು, ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಇಂಜಿನ್ನು ಬೀಳುವುದನ್ನು ಮೂರು ಸಲ ನೋಡಿದರು. ನಾನು ಇಂಜಿನ್ನಿನ ಹೊಟ್ಟೆ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದೆ.

"ಇಂಜಿನ್ನಿಗೆ ಎಂತದೂ ಆಗಿಲ್ಲ" ಎಂದರು. ಟವೆಲು ತೆಗೆದು ಹಲಗೆಯ ಮೇಲೆ ಹಾಸಿದರು, ಕೆನ್ನೆ ಊರಿದರು, ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಅವರ ಮುಖದಲ್ಲಿದ್ದದ್ದು ಮರುಕ. "ಹಾವು ಹೋದಂಗೆ ಹೋಗಿದೆ ನಿಮ್ಮ ಲೈನು."

"ಇದು ಆಟದ್ದು" ಎಂದೆ ನಾನು, ಸ್ವಲ್ಪ ನಾಚಿಕೆಯಿಂದ.

"ಗಾಲಿಗೆ ಅದು ಗೊತ್ತಿಲ್ವಲ್ಲ" ಎಂದರು.

ಆ ವಾರದಿಂದಲೇ ವಾರಕ್ಕೆ ಎರಡು ದಿನ, ಬೆಳಗಿನ ಬಸ್ಸಿಗೆ ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬರತೊಡಗಿದರು. ಮೊದಲು ಮಾಡಿದ ಕೆಲಸ ಎಂದರೆ, ನಾನು ಹಾಕಿದ್ದನ್ನೆಲ್ಲ ಕಿತ್ತು ಪೆಟ್ಟಿಗೆಗೆ ತುಂಬಿಸಿದ್ದು. ಇಂಜಿನ್ನನ್ನು ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಹೆಂಡತಿ ಶಾರದೆಯ ಕೈಗೆ ಕೊಟ್ಟು, "ನಾನು ಕೇಳೋವರೆಗೆ ಇವರಿಗೆ ಕೊಡ್ಬೇಡಿ ಅಮ್ಮ" ಎಂದರು. ಶಾರದೆ ಅದನ್ನು ಬೀರುವಿನಲ್ಲಿ ಸೀರೆಗಳ ಅಡಿಗಿಟ್ಟಳು. ಹೀಗೆ ಆರು ತಿಂಗಳು ನನ್ನ ರೈಲುದಾರಿಯಲ್ಲಿ ರೈಲೇ ಇರಲಿಲ್ಲ.

"ಹಳಿ ಅಂದ್ರೆ ಕಬ್ಬಿಣ ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಅಲ್ಲ. ಹಳಿ ಅಂದ್ರೆ ಅದರ ಅಡಿ ಇರೋ ನೆಲ" ಎನ್ನುವುದು ಅವರ ಮೊದಲ ಪಾಠ. ನನ್ನ ಹಲಗೆಗಳು ಥಂಡಿಗೆ ಉಬ್ಬಿದ್ದವು. ಅವನ್ನು ತೆಗೆಸಿ, ಒಣಗಿದ ಹಲಸಿನ ರೀಪುಗಳ ಚೌಕಟ್ಟು ಮಾಡಿಸಿ, ಮೇಲೆ ದಪ್ಪ ಪ್ಲೈವುಡ್ ಹಾಕಿಸಿದರು. ಅದರ ಮೇಲೆ, ಸದ್ದು ಕಡಿಮೆಯಾಗಲೆಂದು, ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ತೆಳು ರಬ್ಬರ್ ಹಾಳೆ ಕತ್ತರಿಸಿ ಅಂಟಿಸಿದೆವು. ತಟ್ಟೆಯಲ್ಲಿ ನೀರು ಹಾಕಿ ನಾಲ್ಕು ಮೂಲೆಗೂ ಇಟ್ಟು ಮಟ್ಟ ನೋಡಿದರು.

ಯಾವ ಹಳಿ ಎಂಬ ಪ್ರಶ್ನೆಗೆ ಒಂದು ತಿಂಗಳು ಹೋಯಿತು. ಉಕ್ಕು ಬೇಡ, ಹಿತ್ತಾಳೆ ಬೇಡ ಎಂಬುದು ನನಗೆ ಆಗಲೇ ಗೊತ್ತಾಗಿತ್ತು. ಭಾವನಿಗೆ ಫೋನು ಮಾಡಿದಾಗ, ನಿಕ್ಕಲ್ ಬೆರೆತ ಬಿಳಿ ಲೋಹದ ಹಳಿ ಸಿಗುತ್ತದೆ, ಥಂಡಿಗೂ ಬೇಗ ಕಪ್ಪಾಗುವುದಿಲ್ಲ, ಗಜದುದ್ದದ ತುಂಡುಗಳು, ಬೇಕಾದಂತೆ ಬಗ್ಗುತ್ತವೆ ಎಂದರು. ಮಾದರಿಗೆ ಒಂದು ತುಂಡು ಕಳಿಸಿದರು. ತಿಮ್ಮಪ್ಪಣ್ಣ ಅದರ ಅಡಿಗೆ ಅಡ್ಡಕ್ಕೆ ಕೂತ ಪ್ಲಾಸ್ಟಿಕ್ ಪಟ್ಟಿಗಳನ್ನು, ಅಂದರೆ ಸ್ಲೀಪರುಗಳನ್ನು, ಉಗುರಿನಿಂದ ಕೆರೆದು ನೋಡಿದರು. ಅಷ್ಟು ಸಲೀಸಾಗಿ ಬಗ್ಗುವ ಹಳಿಯ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಅದನ್ನು ಅಂಗಳದ ತಂತಿಯ ಮೇಲೆ, ಬಟ್ಟೆ ಒಣಗಿಸುವ ಜಾಗದಲ್ಲಿ, ಮಳೆ ಬೀಳುವಂತೆ ಕಟ್ಟಿದರು. ಮೂರು ವಾರ ಕಳೆದು ಬಿಚ್ಚಿ, ಪಂಚೆಯ ಅಂಚಿನಿಂದ ಒರೆಸಿದರು. ಹೊಳೆಯಿತು. "ಆಗಬಹುದು. ಇದು ಮಲ್ನಾಡಲ್ಲಿ ಬಾಳ್ತದೆ" ಎಂದರು.

ತಿರುವು ಎಷ್ಟಿರಬೇಕು ಎಂದು ನಾನು ಕೈವಾರ, ಕಾಗದ ಹಿಡಿದು ಕೂತಾಗ ಅವರು ಹೊರಗೆ ಹೋಗಿ ಒಂದು ಉದ್ದನೆಯ ಬಿದಿರು ದಬ್ಬೆ ಸೀಳಿ ನಯ ಮಾಡಿಕೊಂಡು ಬಂದರು. ನೇರ ಹಳಿ ಮುಗಿಯುವಲ್ಲಿ ಎರಡು ಮೊಳೆ ಹೊಡೆದು ದಬ್ಬೆಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೆಲ್ಲಗೆ ಬಗ್ಗಿಸಿದರು. "ಬಿದಿರು ಒಂದೇ ಸಲಕ್ಕೆ ತಿರುಗೋದಿಲ್ಲ ನೋಡಿ. ಮೊದ್ಲು ಸ್ವಲ್ಪ, ಆಮೇಲೆ ಜಾಸ್ತಿ. ರೈಲಿಗೂ ಹಂಗೇ. ತಿರುವು ಬಂತು ಅಂತ ಅದಕ್ಕೆ ಗೊತ್ತಾಗಬಾರ್ದು." ದಬ್ಬೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆವು. ಆ ಗೆರೆ ಎಷ್ಟು ಚೆಂದ ಇತ್ತೆಂದರೆ, ಅದರ ಮೇಲೆ ಹಳಿ ಹಾಕಿ ಮುಚ್ಚುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ನನ್ನನ್ನು ನರಸಿಂಹರಾಜಪುರಕ್ಕೆ ಕರೆಸಿ, ಭದ್ರಾ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದರು. ಆ ಊರಿಗೂ ಹಿಂದೆ ತರೀಕೆರೆಯಿಂದ ಒಂದು ಚಿಕ್ಕ ರೈಲು ಬರುತ್ತಿತ್ತು. ಈಗ ಅದರ ಸುಳಿವಿಲ್ಲ. ನೀರು ಇಳಿದ ಕೆಸರಿನಲ್ಲಿ ಒಂದು ಉದ್ದನೆಯ ದಿಬ್ಬ ತೋರಿಸಿ, "ಇದೇ ಅದರ ಏರಿ" ಎಂದರು. ನನಗೆ ಅದು ಯಾರದೋ ಹಳೆಯ ಗದ್ದೆಯ ಬದುವಿನಂತೆಯೂ ಕಂಡಿತು. ಆದರೆ ಅವರು ಅದರ ಮೇಲೆ ನಡೆದ ರೀತಿ ನೋಡಿ ನಾನೂ ಹಿಂದೆ ನಡೆದೆ. ಕಣ್ಣಿಗೆ ಕಾಣದ ಸ್ಲೀಪರುಗಳ ಮೇಲೆ ಒಂದೇ ಅಳತೆಯ ಹೆಜ್ಜೆ ಇಡುತ್ತಿದ್ದರು. "ನಮ್ಮಪ್ಪ ಇದರಲ್ಲಿ ಮರ ಹೇರ್ತಿದ್ದ. ನಿಮ್ಮ ಕೋಣೇಲಿ ಹೋಗೋದು ಇದೇ ಲೈನು ಅಂತ ಇಟ್ಕೊಳ್ಳಾಣ. ಕೊನೆ ಸ್ಟೇಷನ್ನು ನರಸಿಂಹರಾಜಪುರ" ಎಂದರು.

ಹಳಿ ಹಾಸುವ ಕೆಲಸ ಚೆನ್ನಾಗಿಯೇ ನಡೆಯಿತು. ಬೇಸಿಗೆಯಲ್ಲಿ ಹಳಿ ಹಿಗ್ಗುತ್ತದೆಂದು ಜೋಡಣೆಗಳ ನಡುವೆ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಬಿಡಿಸಿದರು. ಜಲ್ಲಿ ಕ್ರಷರಿನ ಪುಡಿಯನ್ನು ಶಾರದೆಯ ರವೆ ಜರಡಿಯಲ್ಲಿ ಜರಡಿ ಹಿಡಿದು ಸ್ಲೀಪರುಗಳ ನಡುವೆ ತುಂಬಿ, ಹಲ್ಲುಜ್ಜುವ ಬ್ರಷ್ಷಿನಿಂದ ಸರಿ ಮಾಡಿ, ಗೋಂದಿನ ನೀರನ್ನು ಹನಿ ಹನಿಯಾಗಿ ಬಿಟ್ಟೆವು. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಒಂದು ದಿನ ಇಂಜಿನ್ನು ಸೀರೆಗಳ ಅಡಿಯಿಂದ ಹೊರಬಂತು. ಮೂರು ಗೋಡೆಯುದ್ದಕ್ಕೂ ನೀರು ಹರಿದಂತೆ ಹರಿಯಿತು. ನಾಲ್ಕನೇ ಗೋಡೆಯ ತಿರುವಿನಲ್ಲಿ, ಎರಡು ತುಂಡು ಸೇರುವ ಕಡೆ, ಟಕ್ಕೆಂದು ಹೊರಗೆ ಬಿತ್ತು. ಜಾಗ ಸಾಲದೆ ಆ ಒಂದು ತಿರುವು ಉಳಿದವಕ್ಕಿಂತ ಬಿಗಿಯಾಗಿತ್ತು. ಎತ್ತಿಟ್ಟು ಮತ್ತೆ ಬಿಟ್ಟೆವು. ಅಲ್ಲೇ ಬಿತ್ತು. ತಿಮ್ಮಪ್ಪಣ್ಣ ಮೊಳೆ ಕಿತ್ತು ಮತ್ತೆ ಹಾಕಿದರು, ಹೊರಗಿನ ಹಳಿಯ ಅಡಿಗೆ ಕಾಗದ ಮಡಚಿ ಇಟ್ಟು ಸ್ವಲ್ಪ ಎತ್ತರಿಸಿದರು, ಸಂದು ಕಿರಿದು ಮಾಡಿದರು. ಹತ್ತು ಸಲಕ್ಕೆ ಎಂಟು ಸಲ ದಾಟುತ್ತಿತ್ತು, ಎರಡು ಸಲ ಬೀಳುತ್ತಿತ್ತು. ಹೀಗೇ ಎರಡು ವಾರ.

"ಇರ್ಲಿ ಬಿಡಿ ತಿಮ್ಮಪ್ಪಣ್ಣ. ಎಂಟು ಸಲ ಹೋಗ್ತದಲ್ಲ, ಸಾಕು. ಮುಂದೆ ಯಾವತ್ತಾದ್ರೂ ನೋಡಾಣ" ಎಂದೆ.

ಅವರು ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟರು.

"ನಾನೂ ಹಂಗೇ ಅಂದಿದ್ದೆ" ಎಂದರು. "ನಾಳೆ ನೋಡಾಣ ಅಂತ."

ಆಮೇಲೆ, ನನ್ನ ಕಡೆ ನೋಡದೆ, ಆ ತಿರುವನ್ನೇ ನೋಡುತ್ತ ಹೇಳಿದರು. ಕೀಮ್ಯಾನ್ ಆಗಿ ಮೂರನೆಯ ವರ್ಷ. ಒಂದು ಸ್ಟೇಷನ್ನಿನಲ್ಲಿ, ಅಪರೂಪಕ್ಕೆ ಗಾಡಿ ಬರುವ ಪಕ್ಕದ ಲೈನಿನ ತಿರುವಿನಲ್ಲಿ, ಎರಡು ಹಳಿ ಕೂಡಿಸುವ ಪಟ್ಟಿಯ ಬೋಲ್ಟು ಸಡಿಲವಾಗಿತ್ತು. ಅವರು ಅದನ್ನು ಕಂಡಿದ್ದರು. ಆ ಅಳತೆಯ ಸ್ಪ್ಯಾನರು ಕೈಯಲ್ಲಿರಲಿಲ್ಲ, ಹೊತ್ತೂ ಇಳಿದಿತ್ತು, ಪಕ್ಕದ ಲೈನು ತಾನೇ ಎಂದು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಅವರು ಅಲ್ಲಿಗೆ ತಲುಪುವ ಮೊದಲೇ ಗೂಡ್ಸಿನ ಎರಡು ವ್ಯಾಗನ್ನುಗಳನ್ನು ಅದೇ ಲೈನಿಗೆ ತಳ್ಳಿದ್ದರು. ಒಂದು ಹಳಿಯಿಂದ ಕೆಳಗೆ ಇಳಿದು ವಾಲಿ ನಿಂತಿತ್ತು. ಯಾರಿಗೂ ಏಟಾಗಲಿಲ್ಲ. ವಿಚಾರಣೆಯಲ್ಲಿ ತಪ್ಪು ಬಂದದ್ದು ಗ್ಯಾಂಗಿನ ಮೇಸ್ತ್ರಿ ಹೂವಪ್ಪನ ಮೇಲೆ. ಅವರ ಮೇಸ್ತ್ರಿಗಿರಿ ಹೋಯಿತು, ಮತ್ತೆ ಗ್ಯಾಂಗ್‌ಮನ್ ಮಾಡಿ ದೂರದ ಘಟ್ಟದ ಸೆಕ್ಷನ್ನಿಗೆ ಹಾಕಿದರು.

"ನಾನು ಅಲ್ಲೇ ನಿಂತಿದ್ದೆ. ಬಾಯಿ ತೆಗೀಲಿಲ್ಲ. ಆಮೇಲೆ ಮೂವತ್ತು ವರ್ಷ ಒಂದು ಬೋಲ್ಟೂ ಬಿಟ್ಟವನಲ್ಲ. ಅದರಿಂದ ಎಂತ ಆಯ್ತು? ಆ ಒಂದು ಹಂಗೇ ಉಳೀತು."

"ಹೂವಪ್ಪ ಮೇಸ್ತ್ರಿ ಈಗ ಎಲ್ಲಿದ್ದಾರೆ?" ಎಂದು ಕೇಳಿದೆ.

"ಶೃಂಗೇರೀಲಿ. ಯಾತ್ರಿಕರ ಲಾಡ್ಜೊಂದರಲ್ಲಿ ಮೇಲ್ವಿಚಾರಣೆ ನೋಡ್ಕೊಂಡಿದ್ದಾರಂತೆ. ಗೊತ್ತಾಗಿ ಐದು ವರ್ಷ ಆಯ್ತು."

ಕೊಪ್ಪದಿಂದ ಶೃಂಗೇರಿಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಐದು ವರ್ಷದಲ್ಲಿ ಅವರು ಆ ದಾರಿ ಹಿಡಿದಿರಲಿಲ್ಲ. ಮುಂದಿನ ವಾರ ಅವರು ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. "ಅಂಗಡಿ ಇವತ್ತು ಮುಚ್ಚಿದ್ರೆ ತೊಂದ್ರೆ ಆಗ್ತದಾ?" ಎಂದು ಕೇಳಿದರು. ಆಗುವುದಿಲ್ಲ ಎಂದು ಷಟರ್ ಎಳೆದೆ. ಶೃಂಗೇರಿ ಬಸ್ಸು ಹತ್ತಿದೆವು. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ಬೈದ್ರೆ ನೀವು ನಡುವೆ ಬರಬಾರ್ದು."

ಲಾಡ್ಜಿನ ಜಗಲಿಯಲ್ಲಿ ಹೂವಪ್ಪ ಮೇಸ್ತ್ರಿ ಬೀಗದ ಕೈಗಳ ಗೊಂಚಲು ಹಿಡಿದು ಕೂತಿದ್ದರು. ತೆಳ್ಳಗೆ, ಎತ್ತರದ ಮನುಷ್ಯ, ಎಪ್ಪತ್ತೈದರ ಹತ್ತಿರ. ತಿಮ್ಮಪ್ಪಣ್ಣನನ್ನು ಕಂಡ ಕೂಡಲೇ ಗುರುತು ಹಿಡಿದರು. ಕೂರಲು ಹೇಳಿದರು. ತಿಮ್ಮಪ್ಪಣ್ಣ ಕೂರಲಿಲ್ಲ.

"ಮೇಸ್ತ್ರಿ, ಆ ಬೋಲ್ಟು ನಾನು ನೋಡಿ ಬಿಟ್ಟಿದ್ದು" ಎಂದರು.

"ಗೊತ್ತು."

"ಯಾವಾಗಿಂದ?"

"ಆವತ್ತಿಂದಾನೆ. ನಿನ್ನ ಮುಖ ನೋಡಿದ್ರೆ ಯಾರಿಗೆ ಗೊತ್ತಾಗ್ತಿರ್ಲಿಲ್ಲ?"

"ಮತ್ತೆ ನೀವು ಯಾಕೆ ಹೇಳಲಿಲ್ಲ?"

ಮೇಸ್ತ್ರಿ ಬೀಗದ ಕೈಗಳನ್ನು ಒಂದೊಂದಾಗಿ ಸರಿಸತೊಡಗಿದರು. "ನೀನೇ ಹೇಳ್ತೀಯ ಅಂತ ಕಾದೆ. ಎರಡು ವರ್ಷ ಕಾದೆ. ಸಿಟ್ಟಿತ್ತು, ಇಲ್ಲ ಅಂತ ಹೇಳೋದಿಲ್ಲ. ಆಮೇಲೆ ಯೋಚನೆ ಮಾಡಿದೆ. ಆ ವಾರ ಆ ಲೈನು ನೋಡಿದ್ದೀನಿ ಅಂತ ನಾನು ಬರ್ದು ಕೊಟ್ಟಿದ್ದೆ. ನೋಡಿರ್ಲಿಲ್ಲ. ಹಂಗಾಗಿ ನನ್ನ ಪಾಲಿಂದು ನಾನು ಉಂಡೆ. ನಿನ್ನ ಪಾಲಿಂದು ನಿನ್ನ ಹತ್ರಾನೇ ಇತ್ತು."

ಆಗ ಮೇಲಿನ ಮಹಡಿಯಿಂದ ಯಾರೋ ಬಿಸಿನೀರು ಬೇಕೆಂದು ಕರೆದರು. ಮೇಸ್ತ್ರಿ ಎದ್ದು ಒಲೆಯ ಕಡೆ ಹೋದರು. ತಿಮ್ಮಪ್ಪಣ್ಣ ಹಿಂದೆಯೇ ಹೋಗಿ ಎರಡನೇ ಬಕೆಟ್ಟು ಎತ್ತಿಕೊಂಡರು. ಇಬ್ಬರೂ ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತುವುದನ್ನು ನಾನು ಜಗಲಿಯಲ್ಲಿ ಕೂತು ನೋಡಿದೆ. ಇಳಿದು ಬರುವಾಗ ಹಳೆಯ ಸೆಕ್ಷನ್ನಿನ ಯಾವುದೋ ಗೇಟಿನ ಮಾತಾಡುತ್ತಿದ್ದರು. ಊಟ ಅಲ್ಲೇ ಆಯಿತು. ಹೊರಡುವ ಹೊತ್ತಿಗೆ ತಿಮ್ಮಪ್ಪಣ್ಣ ನನ್ನ ರೈಲುದಾರಿಯ ವಿಷಯ ಎತ್ತಿದರು. ನಾಲ್ಕನೇ ತಿರುವಿನಲ್ಲಿ ಇಂಜಿನ್ನು ಬೀಳುವುದನ್ನು ಹೇಳಿದಾಗ ಮೇಸ್ತ್ರಿ ಮುಂದಕ್ಕೆ ಬಾಗಿದರು.

"ಜಾಯಿಂಟು ಎರಡೂ ಹಳೀಲಿ ಎದುರುಬದುರು ಬಂದಿದೆಯೇನೋ?"

"ಹೌದು. ಮಟ್ಟಗೋಲು ಇಟ್ಟಂಗೆ ಎದುರುಬದುರು ತಂದಿದ್ದೀನಿ."

"ಅದೇ ತಪ್ಪು ಮಾರಾಯ. ನೀನು ಬಯಲಿನ ಲೈನಲ್ಲೇ ಕೆಲಸ ಮಾಡ್ದೋನು. ಘಟ್ಟದ ತಿರುವಲ್ಲಿ ಹಂಗೆ ತರೋದಿಲ್ಲ. ಒಂದನ್ನ ಮುಂದೆ ತಳ್ಳಬೇಕು. ಒಂದು ಕಡೆ ಹಳಿ ತುಂಡಾಗಿರೋವಾಗ ಇನ್ನೊಂದು ಕಡೆ ಹಳಿ ಗಾಲಿನ ಹಿಡ್ಕೋಬೇಕು."

ಮುಂದಿನ ವಾರ ಹೂವಪ್ಪ ಮೇಸ್ತ್ರಿಯೇ ಕೊಪ್ಪಕ್ಕೆ ಬಂದರು. ಹಳೆಯ ತಿರುವನ್ನು ಕಿತ್ತು ಹೊಸ ತುಂಡುಗಳನ್ನು ಅಳೆದೆವು. ಆಗ ನನಗೂ ಒಂದು ಉಪಾಯ ಹೊಳೆಯಿತು. ಬಗ್ಗಿಸುವ ಮೊದಲೇ, ನೇರವಾಗಿರುವಾಗಲೇ, ಜೋಡಣೆಯನ್ನು ಬೆಸುಗೆ ಹಾಕಿಬಿಟ್ಟರೆ ತಿರುವಿನಲ್ಲಿ ಅದು ಮೂಲೆಯಾಗಿ ಎದ್ದು ನಿಲ್ಲುವುದಿಲ್ಲ. ಬೆಸುಗೆ ನನ್ನ ಕಸುಬು. ಇಬ್ಬರೂ ಅನುಮಾನದಿಂದ ನೋಡುತ್ತಿರುವಾಗ ಒಂದು ಹಳಿಯ ಜೋಡಣೆಗಿಂತ ಇನ್ನೊಂದು ಹಳಿಯದ್ದು ನಾಲ್ಕು ಬೆರಳು ಮುಂದಿರುವಂತೆ ಬೆಸೆದೆ. ಅರ ಹಾಕಿ ನಯ ಮಾಡಿದೆ. ಮೇಸ್ತ್ರಿ ಹೆಬ್ಬೆರಳ ಉಗುರನ್ನು ಅದರ ಮೇಲೆ ಎಳೆದು, ತಡೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸರಿ ಎಂದರು. ಮೂವರೂ ಸೇರಿ ಬಿದಿರಿನ ಗೆರೆಯ ಮೇಲೆ ಅದನ್ನು ಬಗ್ಗಿಸಿ ಮೊಳೆ ಹೊಡೆದೆವು.

ಇಂಜಿನ್ನು ತಿರುವನ್ನು ದಾಟಿತು. ಮತ್ತೆ ದಾಟಿತು. ಶಾರದೆ ಕಾಫಿ ತಂದು ಬಾಗಿಲಲ್ಲಿ ನಿಂತಳು. ಐವತ್ತು ಸುತ್ತು ಎಣಿಸಿದ ಮೇಲೆ ಎಣಿಸುವುದನ್ನು ನಿಲ್ಲಿಸಿದೆವು. ತಿಮ್ಮಪ್ಪಣ್ಣ ನೆಲದ ಮೇಲೆ ಗೋಡೆಗೊರಗಿ ಕೂತು, ಕಣ್ಣು ಮುಚ್ಚಿಕೊಂಡು, ಸದ್ದನ್ನಷ್ಟೇ ಕೇಳುತ್ತಿದ್ದರು.

ಆಮೇಲೆ ಮೂರು ವರ್ಷ ಆ ಕೋಣೆಯಲ್ಲಿ ಕೆಲಸವಿತ್ತು. ಸ್ಟೇಷನ್ನು ಬಂತು, ಮರ ಹೇರುವ ಪಕ್ಕದ ಲೈನು ಬಂತು. ಲಲಿತಾ ವರ್ಷಕ್ಕೊಮ್ಮೆ ಅಂಗನವಾಡಿಯ ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು ತೋರಿಸುತ್ತಿದ್ದಳು. ಮಕ್ಕಳು ರೈಲು ನೋಡಿದರೆ ತಿಮ್ಮಪ್ಪಣ್ಣ ಅವರಿಗೆ ಜಲ್ಲಿ ತೋರಿಸುತ್ತಿದ್ದರು. ರೇಡಿಯೋ ಹೋಗಿ ಮೊಬೈಲ್ ಬಂದಾಗ, ಇನ್ನು ಈ ವಯಸ್ಸಿನಲ್ಲಿ ಆ ಸಣ್ಣ ಕೆಲಸ ನನ್ನಿಂದಾಗದು ಎಂದು ಅಂಗಡಿ ಮುಚ್ಚುವ ಯೋಚನೆ ಮಾಡಿದ್ದೆ. ಅವರು ನನ್ನ ಬೆಸುಗೆಯನ್ನು ತೋರಿಸಿ, "ಇದನ್ನ ಹಾಕ್ದೋನಿಗೆ ಅದು ಎಂತ ಕಷ್ಟ?" ಎಂದರು. ಈಗ ನನ್ನ ಅನ್ನ ಮೊಬೈಲ್ ರಿಪೇರಿಯಿಂದಲೇ ಬರುತ್ತಿದೆ.

ಒಂದು ಮಳೆಗಾಲದ ಕೊನೆಯಲ್ಲಿ, ನಾಲ್ಕು ದಿನದ ಜ್ವರಕ್ಕೆ, ಮಗಳ ಮನೆಯಲ್ಲಿ ತಿಮ್ಮಪ್ಪಣ್ಣ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಅದಕ್ಕೆ ಎರಡು ವಾರ ಮೊದಲು. ಹಿಂದಿನ ದಿನ ಕೆಲಸಕ್ಕೆಂದು ಬಂದವರು ನಮ್ಮಲ್ಲೇ ಉಳಿದು, ಬೆಳಿಗ್ಗೆ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಕಡೆಯಿಂದ ಬರುವ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದರು. ಜೊತೆಗೆ ನಾನೂ ನಿಂತಿದ್ದೆ. ಬಸ್ಸು ಬಂತು. ಕಿಟಕಿಯಲ್ಲಿ ಹೂವಪ್ಪ ಮೇಸ್ತ್ರಿ ಕೂತಿದ್ದರು, ಪಕ್ಕದ ಸೀಟಿನ ಮೇಲೆ ಕೈ ಊರಿ ಜಾಗ ಹಿಡಿದಿದ್ದರು. ಶಿವಮೊಗ್ಗದಿಂದ ಬೀರೂರಿಗೆ ರೈಲಿನಲ್ಲಿ ಹೋಗಿ, ಸಂಜೆಯ ರೈಲಿಗೆ ವಾಪಸಾಗುವುದು ಇಬ್ಬರ ಯೋಜನೆ.

"ಬೀರೂರಲ್ಲಿ ಎಂತ ಕೆಲಸ?" ಎಂದು ಕೇಳಿದೆ.

"ಕೆಲಸ ಎಂತದೂ ಇಲ್ಲ" ಎಂದರು ತಿಮ್ಮಪ್ಪಣ್ಣ. "ಅಷ್ಟು ವರ್ಷ ರೈಲು ಬಂದಾಗೆಲ್ಲ ಬದಿಗೆ ಸರಿದು ನಿಂತು ದಾರಿ ಬಿಟ್ಟಿದ್ದೀವಿ. ಒಂದು ಸಲ ಒಳಗೆ ಕೂತು ನೋಡ್ತೀವಿ, ನಮ್ಮ ಲೈನು ಹೆಂಗಿದೆ ಅಂತ."

ಹತ್ತಿದರು. ಬಸ್ಸು ಹೊರಟು ತಿರುಗುವಾಗ ನೋಡಿದೆ. ಕಿಟಕಿ ಪಕ್ಕದ ಜಾಗಕ್ಕಾಗಿ ಮೇಸ್ತ್ರಿಯೊಡನೆ ಆಗಲೇ ವಾದ ಶುರುವಾಗಿತ್ತು. ಮೇಸ್ತ್ರಿ ಎದ್ದು ಈಚೆ ಸರಿದರು, ತಿಮ್ಮಪ್ಪಣ್ಣ ಒಳಗೆ ಹೋಗಿ ಕಿಟಕಿಗೆ ಒತ್ತಿ ಕೂತರು.